ಮಾನ, ಮಾತು ಮತ್ತು ಕಾನೂನು

ಹಜ್ಜತುಲ್ ವಿದಾದ ಪ್ರವಚನದಲ್ಲಿ ಪ್ರವಾದಿಯವರು(ಸ) ಜೀವ ಮತ್ತು ಸೊತ್ತಿನ ಜೊತೆಯಲ್ಲೇ ಮಾನವನ್ನೂ ಪವಿತ್ರವೆಂದು ಸಾರಿದರು. ಜುಮಾ ಖುತ್ಬಾಗಳಲ್ಲಿ ನಾವು ಇದನ್ನು ಮತ್ತೆ ಮತ್ತೆ ಕೇಳುತ್ತೇವೆ. ಆದರೆ ಇದೇ ವಿಷಯದಲ್ಲಿ ನಮ್ಮ ದೇಶದ ಕಾನೂನು ಏನು ಹೇಳುತ್ತದೆ ಎಂಬುದು ಹಲವು ಮನೆಗಳಲ್ಲಿ ತಿಳಿದಿಲ್ಲ. ವಾಕ್ ಸ್ವಾತಂತ್ರ್ಯ ಇದೆಯಲ್ಲ, ಏನು ಬೇಕಾದರೂ ಬರೆಯಬಹುದು ಎನ್ನುವವರಿದ್ದಾರೆ. ಬಾಯಿ ತೆರೆದರೆ ಕೇಸು ಬೀಳುತ್ತದೆ ಎಂದು ಹೆದರಿ ಅನ್ಯಾಯವನ್ನು ನುಂಗಿಕೊಳ್ಳುವವರೂ ಇದ್ದಾರೆ. ಎರಡೂ ಸರಿಯಲ್ಲ.

ಕಾನೂನಿನ ಮಾತು

ಸಂವಿಧಾನದ 19(1)(ಎ) ವಿಧಿ ಪ್ರತಿ ನಾಗರಿಕನಿಗೂ ಮಾತಿನ ಸ್ವಾತಂತ್ರ್ಯ ಕೊಟ್ಟಿದೆ. 19(2)ನೇ ವಿಧಿ ಅದಕ್ಕೆ ಕೆಲವು ಮಿತಿಗಳನ್ನು ಹಾಕಲು ಅವಕಾಶ ನೀಡಿದೆ. ಮಾನನಷ್ಟ ಅವುಗಳಲ್ಲೊಂದು. 1860ರ ಭಾರತೀಯ ದಂಡ ಸಂಹಿತೆಯಲ್ಲಿ 499 ಮತ್ತು 500ನೇ ಸೆಕ್ಷನ್‌ಗಳಾಗಿದ್ದ ಈ ಅಪರಾಧ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲಿದೆ. ಒಬ್ಬರ ಹೆಸರಿಗೆ ಧಕ್ಕೆ ತರುವ ಉದ್ದೇಶದಿಂದ, ಅಥವಾ ಧಕ್ಕೆಯಾಗುತ್ತದೆಂದು ಗೊತ್ತಿದ್ದೂ, ಅವರ ಮೇಲೆ ಆರೋಪ ಹೊರಿಸಿ ಮೂರನೆಯವರಿಗೆ ತಿಳಿಸಿದರೆ ಅದು ಮಾನನಷ್ಟ. ಮಾತು, ಬರಹ, ಚಿತ್ರ, ಸನ್ನೆ ಎಲ್ಲವೂ ಇದರಲ್ಲಿ ಸೇರುತ್ತವೆ. ಶಿಕ್ಷೆ ಎರಡು ವರ್ಷದವರೆಗೆ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ; ಹೊಸ ಕಾನೂನಿನಲ್ಲಿ ಸಮುದಾಯ ಸೇವೆಯನ್ನೂ ವಿಧಿಸಬಹುದು.

ಇದರಲ್ಲಿ ಪೊಲೀಸರು ನೇರವಾಗಿ ಎಫ್‌ಐಆರ್ ದಾಖಲಿಸಿ ಬಂಧಿಸುವಂತಿಲ್ಲ. ನೊಂದವರೇ ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಕೊಡಬೇಕು. ಪರಿಹಾರದ ಹಣ ಬೇಕಿದ್ದರೆ ಸಿವಿಲ್ ದಾವೆ ಹೂಡಬಹುದು. ಅದಕ್ಕೆ ಪ್ರಕಟವಾದ ದಿನದಿಂದ ಒಂದು ವರ್ಷದ ಗಡುವು.

ನಿಜ ಹೇಳಿದರೂ ತಪ್ಪೇ?

ಬಹಳ ಜನ ಎಡವುವುದು ಇಲ್ಲೇ. ಸಿವಿಲ್ ದಾವೆಯಲ್ಲಿ ಹೇಳಿದ್ದು ನಿಜವೆಂದು ರುಜುವಾತಾದರೆ ಸಾಕು. ಕ್ರಿಮಿನಲ್ ಮೊಕದ್ದಮೆಯಲ್ಲಿ ಅಷ್ಟು ಸಾಲದು. ಹೇಳಿದ್ದು ನಿಜವೂ ಆಗಿರಬೇಕು, ಅದನ್ನು ಹೇಳುವುದರಿಂದ ಸಾರ್ವಜನಿಕರಿಗೆ ಹಿತವೂ ಇರಬೇಕು.

ದೀನಿನ ಶಿಕ್ಷಣ ಪಡೆದವರಿಗೆ ಇದು ಹೊಸ ಮಾತಲ್ಲ. ಸೋದರನ ಬೆನ್ನ ಹಿಂದೆ ಅವನಿಗೆ ಇಷ್ಟವಾಗದ್ದನ್ನು ಆಡುವುದು ಗೀಬತ್. ಆ ಮಾತು ನಿಜವಾಗಿದ್ದರೂ ಗೀಬತ್ತೇ, ಸುಳ್ಳಾದರೆ ಬುಹ್ತಾನ್ ಎಂದು ಪ್ರವಾದಿಯವರು(ಸ) ವಿವರಿಸಿದ್ದಾರೆ. ಭದ್ರಾವತಿಯ ಒಂದು ಮನೆಯ ತಲಾಕ್ ವಿಚಾರ, ಒಬ್ಬ ಹೆಣ್ಣುಮಗಳ ನಡತೆಯ ಮಾತು, ಯಾರದೋ ಹಳೆಯ ಸಾಲದ ಕತೆ, ಇವು ನಿಜವೇ ಆಗಿದ್ದರೂ ಮೊಹಲ್ಲಾದ ವಾಟ್ಸಾಪ್ ಗುಂಪಿಗೆ ಬಂದರೆ ಊರಿಗೆ ಯಾವ ಹಿತ? ‘ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ’ ಎಂಬ ಮಾತೂ ನಮ್ಮನ್ನು ಕಾಪಾಡುವುದಿಲ್ಲ. ಇನ್ನೊಬ್ಬರ ಆರೋಪವನ್ನು ಹಂಚುವುದೂ ಪ್ರಕಟಣೆಯೇ. ಹಝ್ರತ್ ಆಯಿಶಾ(ರ)ರ ಮೇಲೆ ಹಬ್ಬಿದ ಸುಳ್ಳಾರೋಪದ ಪ್ರಸಂಗದಲ್ಲಿ ಸೂರಃ ಅನ್ನೂರ್ ತರಾಟೆಗೆ ತೆಗೆದುಕೊಂಡದ್ದು ಸುಳ್ಳು ಕಟ್ಟಿದವರನ್ನು ಮಾತ್ರವಲ್ಲ, ತಿಳಿಯದೆ ನಾಲಿಗೆಯಿಂದ ನಾಲಿಗೆಗೆ ದಾಟಿಸಿದವರನ್ನೂ.

ಅನ್ಯಾಯದ ವಿರುದ್ಧ ಮಾತು

ಹಾಗಾದರೆ ಬಾಯಿ ಮುಚ್ಚಿಕೊಂಡಿರಬೇಕೇ? ಇಲ್ಲ. ಅನ್ಯಾಯಕ್ಕೊಳಗಾದವನು ಅದನ್ನು ಬಹಿರಂಗವಾಗಿ ಹೇಳಬಹುದೆಂದು ಸೂರಃ ಅನ್ನಿಸಾ ಅವಕಾಶ ಕೊಟ್ಟಿದೆ. ನಮ್ಮ ಕಾನೂನೂ ಮಾನನಷ್ಟಕ್ಕೆ ಹತ್ತು ವಿನಾಯಿತಿಗಳನ್ನು ಇಟ್ಟಿದೆ. ಸರಕಾರಿ ನೌಕರನ ಅಧಿಕೃತ ನಡವಳಿಕೆಯ ಬಗ್ಗೆ ಸದುದ್ದೇಶದ ಅಭಿಪ್ರಾಯ, ಕೋರ್ಟಿನ ಕಲಾಪದ ನಿಜವಾದ ವರದಿ, ಅಧಿಕಾರವುಳ್ಳವರಿಗೆ ಸದುದ್ದೇಶದಿಂದ ಕೊಟ್ಟ ದೂರು, ಇನ್ನೊಬ್ಬರ ಒಳಿತಿಗಾಗಿ ಕೊಟ್ಟ ಎಚ್ಚರಿಕೆ ಇವೆಲ್ಲ ಅದರಲ್ಲಿವೆ. ಮಗಳಿಗೆ ಬಂದ ಸಂಬಂಧದ ಬಗ್ಗೆ ಒಬ್ಬರು ವಿಚಾರಿಸಿದಾಗ ಗೊತ್ತಿರುವ ಸತ್ಯವನ್ನು ಅವರಿಗಷ್ಟೇ ಹೇಳುವುದು ಬೇರೆ, ಅದನ್ನೇ ಊರಿಗೆಲ್ಲ ಸಾರುವುದು ಬೇರೆ.

1994ರ ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮುಖ್ಯ ಮಾತು ಹೇಳಿತು: ಸರಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ತನ್ನ ಮಾನ ಹೋಯಿತೆಂದು ಪರಿಹಾರದ ದಾವೆ ಹೂಡುವಂತಿಲ್ಲ. ಶಿವಮೊಗ್ಗ ಮಹಾನಗರ ಪಾಲಿಕೆಯ ಚರಂಡಿ ಕಾಮಗಾರಿಯನ್ನೋ ಭದ್ರಾವತಿ ನಗರಸಭೆಯ ನೀರಿನ ವ್ಯವಸ್ಥೆಯನ್ನೋ ಟೀಕಿಸುವುದು ನಾಗರಿಕನ ಹಕ್ಕು. ಆದರೆ ‘ಕಾಮಗಾರಿ ಕಳಪೆ’ ಎನ್ನುವುದಕ್ಕೂ ‘ಇಂಥವನು ಇಷ್ಟು ಲಂಚ ತಿಂದ’ ಎನ್ನುವುದಕ್ಕೂ ಅಂತರವಿದೆ. ಎರಡನೆಯದಕ್ಕೆ ಪುರಾವೆ ಬೇಕು.

ಪುರಾವೆಯ ಭಾರ

ಈ ಭಾರ ಎಷ್ಟೆಂಬುದನ್ನು ನಮ್ಮ ಜಿಲ್ಲೆಯ ಕೊನಗವಳ್ಳಿಯಲ್ಲಿ ಹುಟ್ಟಿದ ಪಿ. ಲಂಕೇಶರ ಮಗಳು ಗೌರಿ ಲಂಕೇಶರ ಪ್ರಕರಣದಲ್ಲಿ ಕಾಣಬಹುದು. 2008ರ ಜನವರಿಯಲ್ಲಿ ಅವರ ಪತ್ರಿಕೆಯಲ್ಲಿ ಬಂದ ಒಂದು ವರದಿಯ ವಿರುದ್ಧ ಸಂಸದ ಪ್ರಹ್ಲಾದ ಜೋಶಿ ಹಾಗೂ ಉಮೇಶ್ ದುಶಿ ದೂರು ಕೊಟ್ಟಿದ್ದರು. 2016ರ ನವೆಂಬರ್‌ನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ, ವರದಿಗೆ ತಕ್ಕ ಆಧಾರ ಒದಗಿಸಿಲ್ಲವೆಂದು ಗೌರಿಯವರಿಗೆ ಆರು ತಿಂಗಳ ಸಜೆ ಮತ್ತು ದಂಡ ವಿಧಿಸಿತು. ಅವರಿಗೆ ಜಾಮೀನೂ ಸಿಕ್ಕಿತು. ಆ ವರದಿಯಲ್ಲಿದ್ದ ಆರೋಪವನ್ನು ನಾವು ಇಲ್ಲಿ ಮತ್ತೆ ಬರೆಯುತ್ತಿಲ್ಲ; ಕಾರಣ ಮೇಲೆ ಹೇಳಿದ್ದೇ.

ಇದರಲ್ಲಿ ಎರಡು ಪಾಠಗಳಿವೆ. ಅಚ್ಚು ಹಾಕುವ ಮೊದಲೇ ದಾಖಲೆ ಕೈಯಲ್ಲಿರಬೇಕು ಎಂಬುದು ಮೊದಲನೆಯದು. ಸುದ್ದಿ ತಂದವನನ್ನು ಪರಿಶೀಲಿಸಿರಿ, ಇಲ್ಲವಾದರೆ ಅಮಾಯಕರಿಗೆ ಹಾನಿ ಮಾಡಿ ಮರುಗಬೇಕಾದೀತು ಎಂದು ಸೂರಃ ಅಲ್ ಹುಜುರಾತ್ ಎಚ್ಚರಿಸಿದ್ದೂ ಇದನ್ನೇ. ಎರಡನೆಯದು, ಒಂದು ಬರಹಕ್ಕಾಗಿ ಎಂಟು ಒಂಬತ್ತು ವರ್ಷ ಕೋರ್ಟಿಗೆ ಅಲೆದು ಸಜೆಯನ್ನೂ ಎದುರಿಸುವುದು ಸಣ್ಣ ಪತ್ರಿಕೆಗೆ ಬಲು ದೊಡ್ಡ ಹೊರೆ. ಆದ್ದರಿಂದಲೇ ಮಾನನಷ್ಟವನ್ನು ಕ್ರಿಮಿನಲ್ ಅಪರಾಧವಾಗಿ ಉಳಿಸಬಾರದೆಂಬ ವಾದವಿದೆ. ಈ ಕಾನೂನನ್ನು ನಮಗೆ ಕೊಟ್ಟ ಬ್ರಿಟನ್ನೇ ತನ್ನ ನೆಲದಲ್ಲಿ ಅದನ್ನು ಕೈಬಿಟ್ಟಿದೆ. ಆದರೆ ನಮ್ಮ ಸುಪ್ರೀಂ ಕೋರ್ಟ್ 2016ರ ಮೇ 13ರಂದು ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ, ಮಾನವೂ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿ ಕಾನೂನನ್ನು ಎತ್ತಿಹಿಡಿಯಿತು.

ಸಮುದಾಯಕ್ಕೆ ನೋವಾದಾಗ

ವ್ಯಕ್ತಿಯ ಮಾನದ ಮಾತು ಇಷ್ಟಾಯಿತು. ಇಡೀ ಸಮುದಾಯಕ್ಕೆ ನೋವಾಗುವ ಬರಹ ಬಂದರೆ? ಇಲ್ಲಿ ಮಾನನಷ್ಟದ ಕಾನೂನು ಸಾಮಾನ್ಯವಾಗಿ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಗುರುತಿಸಬಹುದಾದ ವ್ಯಕ್ತಿ ಅಥವಾ ನಿಶ್ಚಿತವಾದ ಗುಂಪು ಬೇಕು. ಬೇಕೆಂದೇ, ದುರುದ್ದೇಶದಿಂದ ಧರ್ಮವನ್ನು ಅಪಮಾನಿಸಿದರೆ ಬೇರೆಯೇ ಸೆಕ್ಷನ್ ಇದೆ. 1927ರಲ್ಲಿ ಸೇರಿಸಿದ 295ಎ, ಈಗ ನ್ಯಾಯ ಸಂಹಿತೆಯ 299. ಶಿಕ್ಷೆ ಮೂರು ವರ್ಷದವರೆಗೆ. ಇದರಲ್ಲಿ ಪೊಲೀಸರೇ ಎಫ್‌ಐಆರ್ ದಾಖಲಿಸಬಹುದು.

2010ರ ಮಾರ್ಚ್ 1ನ್ನು ಶಿವಮೊಗ್ಗ ಮರೆಯಲಾರದು. ತಸ್ಲೀಮಾ ನಸ್ರೀನ್ ಹೆಸರಿನಲ್ಲಿ ಬುರ್ಖಾ ಕುರಿತು ಕನ್ನಡ ಪತ್ರಿಕೆಯೊಂದರಲ್ಲಿ ಬಂದ ಲೇಖನದ ವಿರುದ್ಧ ನಡೆದ ಪ್ರತಿಭಟನೆ ಹಿಂಸೆಗೆ ತಿರುಗಿತು. ಇಬ್ಬರು ಜೀವ ಕಳೆದುಕೊಂಡರು, ಊರಿಗೆ ಕರ್ಫ್ಯೂ ಬಿತ್ತು. ಆ ಬಳಿಕ ಲೇಖಕಿ, ತಾನು ಕರ್ನಾಟಕದ ಯಾವ ಪತ್ರಿಕೆಗೂ ಆ ಲೇಖನ ಬರೆದುಕೊಟ್ಟಿಲ್ಲ ಎಂದರು. ಸಂಪಾದಕರಿಗೆ ಪತ್ರ, ಪ್ರೆಸ್ ಕೌನ್ಸಿಲ್‌ಗೆ ದೂರು, ಠಾಣೆಯಲ್ಲಿ ದೂರು, ಶಾಂತಿಯುತ ಸಭೆ ಇವೆಲ್ಲ ದಾರಿಗಳೂ ತೆರೆದೇ ಇದ್ದವು. ಕಲ್ಲು ಬಿದ್ದ ಮೇಲೆ ಲೇಖನದ ತಪ್ಪು ಸರಿಗಳ ಮಾತು ಹಿಂದೆ ಸರಿಯಿತು. ಸತ್ತವರ ಮನೆಗಳ ದುಃಖ ಮಾತ್ರ ಉಳಿಯಿತು. ಜೀವ ಮತ್ತು ಮಾನ ಎರಡನ್ನೂ ಪವಿತ್ರವೆಂದು ನಂಬುವವರು ಒಂದಕ್ಕಾಗಿ ಇನ್ನೊಂದನ್ನು ಬಲಿ ಕೊಡಲಾಗದು.

ಬರೆಯುವ ಅಥವಾ ಕಳಿಸುವ ಮೊದಲು ನಾವು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಇದು ನಿಜವೇ? ಪುರಾವೆ ನನ್ನ ಬಳಿ ಇದೆಯೇ? ಇದರಿಂದ ಯಾರಿಗಾದರೂ ಒಳಿತಿದೆಯೇ? ಮೂರಕ್ಕೂ ಹೌದೆಂದರೆ ಧೈರ್ಯವಾಗಿ ಮಾತಾಡೋಣ. ಒಂದಕ್ಕೆ ಇಲ್ಲವೆಂದರೂ ಸುಮ್ಮನಿರೋಣ. ಮನೆಯಲ್ಲಿ ಫೋನ್ ಹಿಡಿದಿರುವ ಮಕ್ಕಳಿಗೂ ಇದನ್ನು ಕಲಿಸೋಣ. ಕೋರ್ಟಿನ ಲೆಕ್ಕ ತಪ್ಪಿಸಿಕೊಂಡ ಮಾತಿಗೂ ಅಲ್ಲಾಹನ ಬಳಿ ಲೆಕ್ಕ ಕೊಡಲಿಕ್ಕಿದೆ.