ಮಳೆರಾಯನ ಆಟ

2023ರ ಮೇ 28, ಭಾನುವಾರ. ಐಪಿಎಲ್ ಅಂತಿಮ ಪಂದ್ಯ ನೋಡಲೆಂದು ಮುಂಬಯಿಯಿಂದ ಸಂಸಾರ ಸಮೇತ ಅಹಮದಾಬಾದಿಗೆ ಹೋಗಿದ್ದೆವು. ಧೋನಿಯನ್ನು ಕಣ್ಣಾರೆ ಕಾಣಬೇಕೆಂಬುದು ಮಗನ ಹಟ. ಸಂಜೆ ಗುಡುಗು ಮಿಂಚಿನೊಡನೆ ಮಳೆ ಸುರಿಯಿತು. ಒಂದು ಚೆಂಡೂ ಬೀಳಲಿಲ್ಲ.

ಆಟ ಮರುದಿನಕ್ಕೆ ಹೋಯಿತು. ಅದೇ ಟಿಕೆಟ್ಟು ನಡೆಯುವುದೆಂದರು. ಟಿಕೆಟ್ಟೇನೋ ನಡೆದೀತು, ರಜೆ? ನಾವು ಸರಕಾರಿ ಗುಮಾಸ್ತರು. ಸೋಮವಾರ ಕಛೇರಿಗೆ ಹಾಜರಾಗಲೇಬೇಕು. ರೈಲಿನಲ್ಲಿ ಮಗ ತುಟಿ ಬಿಚ್ಚಲಿಲ್ಲ.

ಸೋಮವಾರ ರಾತ್ರಿ ಮನೆಯಲ್ಲೇ ಟಿವಿಯ ಮುಂದೆ ಕುಳಿತೆವು. ಮತ್ತೆ ಮಳೆ! ಚೆನ್ನೈ ತಂಡಕ್ಕೆ 15 ಓವರುಗಳಲ್ಲಿ 171 ರನ್ನುಗಳ ಗುರಿ. ಧೋನಿ ಮೊದಲ ಚೆಂಡಿಗೇ ಔಟ್. ಕೊನೆಯ ಎರಡು ಚೆಂಡುಗಳಿಗೆ ಜಡೇಜ ಸಿಕ್ಸರ್, ಬೌಂಡರಿ ಬಾರಿಸಿ ಗೆಲ್ಲಿಸಿದಾಗ ನಡುರಾತ್ರಿ ದಾಟಿತ್ತು.

"ಧೋನಿ ಔಟಾದದ್ದನ್ನು ಅಲ್ಲೇ ಕೂತು ನೋಡಿದ್ದರೆ ಅಳು ಬರ್ತಿತ್ತು, ಅಪ್ಪಾ" ಎಂದ ಮಗ. ನಮ್ಮನ್ನು ಸಮಾಧಾನಪಡಿಸಲೆಂದೇ ಆಡಿದ ಮಾತು. ಸಂತೈಸಬೇಕಾದವರು ನಾವಾಗಿದ್ದೆವು.