ದಶಮಾಂಶ: ಹತ್ತರಲ್ಲೊಂದು ಪಾಲು ಯಾರದು?

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ನಮಗೆ ಕಣದಲ್ಲಿ ಪಾಲು ಅಳೆಯುವುದು ಹೊಸತಲ್ಲ. ಸುಗ್ಗಿಯಲ್ಲಿ ರಾಶಿಯನ್ನು ಮನೆಗೆ ಒಯ್ಯುವ ಮುನ್ನವೇ ಆಯಗಾರರಿಗೆ ಅವರವರ ಪಾಲನ್ನು ಅಳೆದು ಕೊಡುವ ವಾಡಿಕೆ ನಮ್ಮ ಹಿರಿಯರಲ್ಲಿತ್ತು. 20 ಕೊಳಗಕ್ಕೆ 1 ಖಂಡುಗ. ಖಂಡುಗಕ್ಕೆ 2 ಕೊಳಗ ಎತ್ತಿಟ್ಟರೆ ಅದೇ ದಶಮಾಂಶ.

ಇದಕ್ಕೆ ಸ್ಪೇನಿನ ಜನರು ಹೇಳುವ ಮಾತು 'ದಿಯೆಸ್ಮೊ'. 'ಹತ್ತನೆಯದು' ಎಂಬ ಅರ್ಥದ ಲತೀನ್ ಪದ 'ದೆಕಿಮುಸ್' ಅದರ ಮೂಲ. ಸಂಸ್ಕೃತದ 'ದಶಮ' ಇದಕ್ಕೆ ಸೋದರ ಶಬ್ದ. ನಮ್ಮ ಶಾಸನಗಳಲ್ಲಿಯೂ 'ದಶವಂದ' ಎಂಬ ಪದವುಂಟು. ಕೆರೆ ಕಟ್ಟಿಸಿದವರಿಗೆ ಸಲ್ಲುತ್ತಿದ್ದ ಪಾಲು ಅದು.

ಅಬ್ರಹಾಮನು ಯಾಜಕನಾದ ಮೆಲ್ಕಿಸೆದೇಕನಿಗೆ ಹತ್ತರಲ್ಲೊಂದು ಪಾಲನ್ನು ಕೊಟ್ಟದ್ದು ಕೃತಜ್ಞತೆಯಿಂದ. ಆಗ ಯಾವ ಕಟ್ಟಳೆಯೂ ಇರಲಿಲ್ಲ. ಮುಂದೆ ಮೋಶೆಯ ಧರ್ಮಶಾಸ್ತ್ರವು ಅದನ್ನು ನಿಯಮವಾಗಿಸಿತು. ಆದರೆ ಧರ್ಮೋಪದೇಶಕಾಂಡದ 14ನೆಯ ಅಧ್ಯಾಯವನ್ನು ಗಮನಿಸೋಣ. ಮೂರು ವರ್ಷಕ್ಕೊಮ್ಮೆ ಆ ಪಾಲು ಊರಿನಲ್ಲಿಯೇ ಉಳಿದು, ಲೇವಿಯರ ಜೊತೆಗೆ ಪರದೇಶಿಗಳು, ಅನಾಥರು ಹಾಗೂ ವಿಧವೆಯರು ಉಂಡು ತೃಪ್ತರಾಗಬೇಕಿತ್ತು.

ಕಾಲಕ್ರಮದಲ್ಲಿ ಕಾಣಿಕೆಯು ಕಂದಾಯವಾಯಿತು. 585ರಲ್ಲಿ ಮಾಕೋನ್ ನಗರದಲ್ಲಿ ಕೂಡಿದ ಧರ್ಮಾಧ್ಯಕ್ಷರ ಸಭೆಯು ದಶಮಾಂಶ ಸಲ್ಲಿಸದವರಿಗೆ ಬಹಿಷ್ಕಾರವನ್ನು ವಿಧಿಸಿತು. ಸ್ಪೇನಿನಲ್ಲಿ ಅದರ ಒಂದು ಭಾಗ ಅರಸನ ಬೊಕ್ಕಸಕ್ಕೂ ಸೇರುತ್ತಿತ್ತು. ಬಲವಂತದಿಂದ ಬಂದದ್ದು ಬಹುಕಾಲ ನಿಲ್ಲಲಿಲ್ಲ. ಫ್ರಾನ್ಸಿನಲ್ಲಿ 1789ರಲ್ಲಿ ಅದು ರದ್ದಾಯಿತು, 19ನೆಯ ಶತಮಾನದಲ್ಲಿ ಸ್ಪೇನಿನಲ್ಲಿಯೂ ಕೊನೆಗೊಂಡಿತು.

1983ರ ಧರ್ಮಸಭೆಯ ಕಾನೂನು ಸಂಹಿತೆಯ 222ನೆಯ ನಿಯಮವು ಧರ್ಮಸಭೆಯ ಅಗತ್ಯಗಳಿಗೆ ನೆರವಾಗುವುದು ವಿಶ್ವಾಸಿಗಳ ಕರ್ತವ್ಯವೆನ್ನುತ್ತದೆ. ತಮ್ಮ ಸಂಪಾದನೆಯಿಂದ ಬಡವರಿಗೆ ಸಹಾಯ ಮಾಡಬೇಕೆಂದೂ ಆದೇಶಿಸುತ್ತದೆ. ಹತ್ತರಲ್ಲೊಂದು ಎಂಬ ಲೆಕ್ಕವನ್ನು ಮಾತ್ರ ಅದು ಹಾಕಿಲ್ಲ.

ಹಾಗೆಂದು ಉಳ್ಳವರು ಕೈಬಿಗಿ ಹಿಡಿಯುವುದು ತರವಲ್ಲ. ನಾಲೆಯ ನೀರು, ಕಬ್ಬಿನ ಹಣ, ತಿಂಗಳ ಸಂಬಳ ಕಂಡವರಿಗೆ ಹತ್ತನೆಯ ಪಾಲು ಭಾರವಾಗಲಾರದು. ಆದರೆ ಸಾಲದಲ್ಲಿ ಬೆಳೆ ಕಳೆದುಕೊಂಡ ಒಕ್ಕಲು ಮನೆಯನ್ನೂ, ಕೂಲಿಯಿಂದ ಮಕ್ಕಳನ್ನು ಸಾಕುವ ವಿಧವೆಯನ್ನೂ ಅದೇ ಕೊಳಗದಿಂದ ಅಳೆಯಬಹುದೆ? ಆಕೆಯ ಎರಡು ಕಾಸನ್ನು ಯೇಸುಸ್ವಾಮಿ ಎಲ್ಲಕ್ಕಿಂತ ಮಿಗಿಲೆಂದರು. ಪುದೀನ, ಜೀರಿಗೆಗಳಲ್ಲಿಯೂ ದಶಮಾಂಶ ಎಣಿಸಿ, ನ್ಯಾಯವನ್ನೂ ದಯೆಯನ್ನೂ ಮರೆತವರನ್ನು ಗದರಿಸಿದವರೂ ಅವರೇ.

ಧರ್ಮಶಾಸ್ತ್ರದ ಪ್ರಕಾರ ವಿಧವೆಯು ದಶಮಾಂಶದ ಪಾಲುದಾರಳು, ಬಾಕಿದಾರಳಲ್ಲ. ಆದುದರಿಂದ ಕಾಣಿಕೆ ಕೊಡಲಾರದೆ ಪೂಜೆಗೆ ಬರಲು ನಾಚುವ ಕುಟುಂಬ ನಮ್ಮ ಧರ್ಮಕೇಂದ್ರಗಳಲ್ಲಿ ಒಂದಿದ್ದರೂ, ನಾವು ಎತ್ತಿಡುವ ಪಾಲು ಮೊದಲು ಆ ಮನೆಯ ಬಾಗಿಲಿಗೆ ಸೇರಲಿ.