ಬೆಂಡೆಕಾಯಿ ಮತ್ತು ಬೀಜದ ಪೋಷಕಾಂಶ

ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳು ಚಿತ್ರದುರ್ಗ ಜಿಲ್ಲೆಯ ಕಡಿಮೆ ಮಳೆಯ ಬಯಲುಸೀಮೆ. ಶೇಂಗಾ ಇಲ್ಲಿನ ಮುಖ್ಯ ಬೆಳೆ. ಬಿಸಿಲು ತಾಳುವ ಬೆಂಡೆಗೂ ಈ ಹವೆ ಒಗ್ಗುತ್ತದೆ. ಕೊಳವೆಬಾವಿ ನೀರಿದ್ದರೆ ಬಿತ್ತಿದ ಸುಮಾರು 50 ದಿನಕ್ಕೆ ಕಾಯಿ ಕೊಯ್ಲಿಗೆ ಬರುತ್ತದೆ. ಗೆಡ್ಡೆ-ಗೆಣಸು ಬಿಟ್ಟ ಜೈನ ಮನೆಗಳಿಗೆ ಗಿಡದ ಮೇಲೆ ಬಿಡುವ ಈ ಕಾಯಿ ಅನುಕೂಲ.

100 ಗ್ರಾಂ ಹಸಿ ಬೆಂಡೆಯಲ್ಲಿ ಸುಮಾರು 33 ಕ್ಯಾಲೊರಿ, 2 ಗ್ರಾಂ ಪ್ರೋಟೀನ್, 3 ಗ್ರಾಂ ನಾರು, 80 ಮಿ.ಗ್ರಾಂ ಕ್ಯಾಲ್ಸಿಯಂ, 23 ಮಿ.ಗ್ರಾಂ ‘ಸಿ’ ಜೀವಸತ್ವ, 60 ಮೈಕ್ರೋಗ್ರಾಂ ಫೋಲೇಟ್ ಇವೆ. ಗರ್ಭಿಣಿಯರಿಗೆ ಫೋಲೇಟ್ ಅತ್ಯಗತ್ಯ. ಬೆಂಡೆಯ ಲೋಳೆ ಕರಗುವ ನಾರಾಗಿದ್ದು, ಮಲಬದ್ಧತೆ ತಗ್ಗಿಸಲು ನೆರವಾಗುತ್ತದೆ. ಆದರೆ ಬೆಂಡೆ ನೆನೆಸಿದ ನೀರನ್ನು ನಂಬಿ ಮಧುಮೇಹದ ಮಾತ್ರೆ ಬಿಡಬಾರದು. ಮೂತ್ರಪಿಂಡದ ಕಲ್ಲು ಇರುವವರು ವೈದ್ಯರನ್ನು ಕೇಳಿ ತಿನ್ನಬೇಕು.

ಬಲಿತು ಒಣಗಿದ ಬೀಜದಲ್ಲಿ ಸುಮಾರು ಐದನೇ ಒಂದು ಭಾಗ ಪ್ರೋಟೀನ್, ಹೆಚ್ಚುಕಡಿಮೆ ಅಷ್ಟೇ ಎಣ್ಣೆ ಇರುತ್ತದೆ. ಇದನ್ನು ಹುರಿದು ಪುಡಿಮಾಡಿ ಕಾಫಿಯ ಬದಲು ಬಳಸಿದ್ದೂ ಉಂಟು. ಔಷಧ ಲೇಪಿಸಿದ ಬಿತ್ತನೆ ಬೀಜವನ್ನು ಮಾತ್ರ ಎಂದೂ ತಿನ್ನಬಾರದು.

ಕಾಯಿಕೊರಕ ಹುಳು ಬೆಂಡೆಯ ಒಳಗೇ ಬೆಳೆಯುತ್ತದೆ. ಆದ್ದರಿಂದ ತೂತಿರುವ ಕಾಯಿ ಕೊಳ್ಳಬೇಡಿ. ಪ್ರತಿ ಕಾಯಿಯನ್ನೂ ಮೊದಲು ಉದ್ದಕ್ಕೆ ಸೀಳಿ, ನೋಡಿ, ಬಳಿಕ ಹೆಚ್ಚಿ. ಅಹಿಂಸೆಗೂ ಆರೋಗ್ಯಕ್ಕೂ ಇದೇ ಸರಿಯಾದ ಕ್ರಮ.